ಯುರೋಪ್ ಗ್ರೂಪ್ ಟೂರ್: ರಾತ್ರಿ ಉಳಿಯುವ ಹೋಟೆಲ್ ಬಗ್ಗೆ ಮೊದಲೇ ಏನೇನು ಕೇಳಬೇಕು?

ಪ್ರಶ್ನೆ: ಸರ್, ನಾನು ಶಿವಮೊಗ್ಗದ ನಿವೃತ್ತ ಶಿಕ್ಷಕಿ. ಮೇ ಕೊನೆಯಲ್ಲಿ ನಾನು, ನಮ್ಮ ಯಜಮಾನರು, ನನ್ನ ಅಕ್ಕ ಮೂವರೂ ಗ್ರೂಪ್ ಟೂರಿನಲ್ಲಿ ಯುರೋಪಿಗೆ ಹೋಗಬೇಕು ಅಂತಿದ್ದೇವೆ. ಪ್ಯಾರಿಸ್, ಆಮ್‌ಸ್ಟರ್‌ಡ್ಯಾಂ, ಸ್ವಿಟ್ಜರ್ಲೆಂಡ್, ಇನ್ಸ್‌ಬ್ರುಕ್, ವೆನಿಸ್, ಫ್ಲಾರೆನ್ಸ್, ರೋಮ್ ಎಲ್ಲಾ ಇದೆ. ಹೋಟೆಲ್ ಬಗ್ಗೆ ಮಾತ್ರ ‘3/4 ಸ್ಟಾರ್ ಅಥವಾ ಅದಕ್ಕೆ ಸಮನಾದದ್ದು’ ಅಂತಷ್ಟೇ ಬರೆದಿದ್ದಾರೆ. ಹೋಗಿ ಬಂದವರು ಹೋಟೆಲ್ ಊರಾಚೆ ಇರುತ್ತೆ, ರೂಮು ಇಕ್ಕಟ್ಟು, ರಾತ್ರಿ ಹೋಗಿ ಬಿದ್ದುಕೊಂಡು ಬೆಳಗ್ಗೆ ಎದ್ದು ಓಡಬೇಕು ಅಂತಾರೆ. ಮೂವರೂ ಒಂದೇ ರೂಮಿನಲ್ಲಿದ್ದರೆ ದುಡ್ಡು ಉಳಿಯುತ್ತೆ ಅಂತ ಏಜೆಂಟ್ ಹೇಳುತ್ತಿದ್ದಾರೆ. ಯಜಮಾನರಿಗೆ ಶುಗರ್ ಇದೆ. ಅಕ್ಕನಿಗೆ 70 ದಾಟಿದೆ, ಮಂಡಿ ನೋವು. ಬೆಳಗ್ಗೆ ದೇವರಿಗೆ ದೀಪ ಹಚ್ಚದೆ ಅವಳು ಕಾಫಿ ಮುಟ್ಟುವುದಿಲ್ಲ. ಹೋಟೆಲ್ ವಿಷಯದಲ್ಲಿ ನಾವು ಏನು ಕೇಳಿ ತಿಳಿದುಕೊಳ್ಳಬೇಕು?

ಉತ್ತರ: ಮೇಡಂ, ಹೋಗಿ ಬಂದವರು ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ. ಟೂರ್ ಮ್ಯಾನೇಜರ್ ಆಗಿ ಬಸ್ಸಿನ ಮುಂದಿನ ಸೀಟಿನಲ್ಲಿ ಕೂತು ವರ್ಷಗಟ್ಟಲೆ ಇದೇ ದಾರಿಯಲ್ಲಿ ಓಡಾಡಿದವನು ನಾನು. ಹೋಟೆಲ್‌ಗೆ ಎಷ್ಟು ಸ್ಟಾರ್ ಇತ್ತು ಅನ್ನುವುದು ಮೂರನೇ ದಿನಕ್ಕೆ ಯಾರಿಗೂ ನೆನಪಿರುವುದಿಲ್ಲ. ರಾತ್ರಿ ಎಷ್ಟು ಹೊತ್ತಿಗೆ ಹಾಸಿಗೆ ಸಿಕ್ಕಿತು, ಬೆಳಗ್ಗೆ ಎಷ್ಟು ಹೊತ್ತಿಗೆ ಎಬ್ಬಿಸಿದರು, ನಾಳೆಯೂ ಇದೇ ರೂಮಾ ಇಲ್ಲಾ ಮತ್ತೆ ಪೆಟ್ಟಿಗೆ ಕಟ್ಟಬೇಕಾ, ಜನ ಮಾತಾಡಿಕೊಳ್ಳುವುದು ಇದನ್ನೇ. ಹಾಗಾಗಿ ಏಜೆಂಟ್ ಜೊತೆ ಸ್ಟಾರ್ ಬಗ್ಗೆ ವಾದ ಮಾಡುತ್ತಾ ಕೂರಬೇಡಿ. ಊರಿನ ಹೆಸರು ಕೇಳಿ, ಗಂಟೆ ಕೇಳಿ.

ಮೊದಲು ಊರಿನ ವಿಷಯ. ‘ವೆನಿಸ್‌ನಲ್ಲಿ ರಾತ್ರಿ ವಾಸ್ತವ್ಯ’ ಅಂತ ಬರೆದಿದ್ದರೆ ಹೆಚ್ಚು ಕಡಿಮೆ ಅದು ಮೆಸ್ತ್ರೆ ಅಂತ ತಿಳಿದುಕೊಳ್ಳಿ. ವೆನಿಸ್ ದ್ವೀಪಗಳ ಊರು. ಅದರ ಓಣಿಗಳಿಗೆ ಬಸ್ಸಿರಲಿ, ಸೈಕಲ್ಲೂ ಹೋಗುವುದಿಲ್ಲ. ಸೇತುವೆ ದಾಟಿದರೆ ಈಚೆ ದಡದಲ್ಲಿ ಮೆಸ್ತ್ರೆ. ಅಲ್ಲಿಂದ ರೈಲಿನಲ್ಲಿ ವೆನಿಸ್‌ಗೆ ಹತ್ತು ಹನ್ನೆರಡು ನಿಮಿಷ. ಇದು ಮೋಸವೇನಲ್ಲ, ಒಳ್ಳೆಯ ವ್ಯವಸ್ಥೆಯೇ. ಕೆಲವು ಸಲ ಇನ್ನೂ ದೂರದ ಪಾದುವಾ ಕಡೆ ಹಾಕುತ್ತಾರೆ, ಅದನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಫ್ಲಾರೆನ್ಸ್ ಅಂದರೆ ಬಹಳ ಸಲ ಮೊಂತೆಕಾತಿನಿ ತೆರ್ಮೆ. ಫ್ಲಾರೆನ್ಸ್‌ನಿಂದ ಸುಮಾರು 50 ಕಿಲೋಮೀಟರ್ ದೂರದ, ಬಿಸಿನೀರಿನ ಬುಗ್ಗೆಗಳಿಗೆ ಹೆಸರಾದ ಊರು. ಯುರೋಪಿನ ಇಂಥ ಸ್ನಾನದ ಊರುಗಳನ್ನು 2021ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು, ಅದರಲ್ಲಿ ಇದೂ ಒಂದು. ಚಿಕಿತ್ಸೆಗೆ ಬರುವವರಿಗಾಗಿ ಹಿಂದೆ ಕಟ್ಟಿದ ಹೋಟೆಲುಗಳು ಅಲ್ಲಿ ಸಾಲು ಸಾಲು. ಈಗ ನಮ್ಮಂಥ ಗುಂಪುಗಳೇ ಅವುಗಳ ಗಿರಾಕಿ. ಸಂಜೆ ನಡೆದಾಡಲು ನನಗೆ ಆ ಊರು ತುಂಬಾ ಇಷ್ಟ. ಆದರೆ ಕಟ್ಟಡ ಹಳೆಯವು, ಲಿಫ್ಟ್ ಅಂದರೆ ಇಬ್ಬರು, ಒಂದು ಪೆಟ್ಟಿಗೆ, ಅಷ್ಟೇ.

ಪ್ಯಾರಿಸ್ ಅಂದಾಗ ರುವಾಸಿ ವಿಮಾನ ನಿಲ್ದಾಣದ ಪಕ್ಕವೋ ಡಿಸ್ನಿಲ್ಯಾಂಡ್ ಇರುವ ಮಾರ್ನ್-ಲಾ-ವಾಲೆ ಕಡೆಯೋ ಆಗಬಹುದು. ಆಮ್‌ಸ್ಟರ್‌ಡ್ಯಾಂ ಅಂದಾಗ ಸ್ಕಿಪೋಲ್ ನಿಲ್ದಾಣದ ಹತ್ತಿರದ ಹೂಫ್‌ಡಾರ್ಪ್. ಊರೊಳಗೆ 50 ಸೀಟಿನ ಬಸ್ಸು ನಿಲ್ಲಿಸಲು ಜಾಗ ಇಲ್ಲ. ರೋಮ್, ಫ್ಲಾರೆನ್ಸ್, ವೆನಿಸ್ ಮೂರೂ ಕಡೆ ಟೂರಿಸ್ಟ್ ಬಸ್ಸು ಒಳಗೆ ಬರಬೇಕಾದರೆ ಪ್ರತ್ಯೇಕ ಪರ್ಮಿಟ್ ಶುಲ್ಕ ಕಟ್ಟಬೇಕು. ರೂಮಿನ ಬಾಡಿಗೆಯಂತೂ ಒಳಗೆ ಹೋದಷ್ಟೂ ಏರುತ್ತದೆ. ಇಷ್ಟೂ ಸೇರಿದರೆ ನೀವು ಈಗ ಕೊಡುತ್ತಿರುವ ದರಕ್ಕೆ ಟೂರ್ ಹೊರಡುವುದಿಲ್ಲ. ಒಳಗೇ ಇರಬೇಕು ಅಂದರೆ ಜಾಸ್ತಿ ದುಡ್ಡಿನ ಪ್ಯಾಕೇಜ್ ನೋಡಬೇಕಾಗುತ್ತದೆ.

ಸ್ವಿಟ್ಜರ್ಲೆಂಡಿನಲ್ಲಿ ಇದು ಉಲ್ಟಾ. ಅಲ್ಲಿ ಊರಾಚೆ ಇದ್ದರೇ ಲಾಭ. ಟಿಟ್ಲಿಸ್ ಬೆಟ್ಟದ ಬುಡದಲ್ಲಿ ಎಂಗೆಲ್‌ಬೆರ್ಗ್ ಅಂತ ಹಳ್ಳಿ ಇದೆ, ಸುಮಾರು 1,000 ಮೀಟರ್ ಎತ್ತರದಲ್ಲಿ. ಅಲ್ಲಿ ಹೋಟೆಲ್ ಸಿಕ್ಕಿದರೆ ಬೆಳಗ್ಗೆ ತಿಂಡಿ ತಿಂದು ಕೇಬಲ್ ಕಾರಿಗೆ ಹೋಗುವುದು ಐದು ಹತ್ತು ನಿಮಿಷದ ಮಾತು. ಲ್ಯೂಸರ್ನ್ ಸರೋವರ ನೋಡಿಕೊಂಡು ರಾತ್ರಿ ಇಲ್ಲಿಗೇ ಬಂದು ಮಲಗಬಹುದು. ಹೀಗೆ ಒಂದೇ ಕಡೆ ಎರಡು ಅಥವಾ ಮೂರು ರಾತ್ರಿ ಕೊಡುವ ಟೂರು, ದಿನಕ್ಕೊಂದು ಊರು ಬದಲಿಸುವ ಟೂರಿಗಿಂತ ಎಷ್ಟೋ ಮೇಲು. ನಿಮ್ಮ ಪಟ್ಟಿ ಹಿಡಿದು ಎಣಿಸಿ: ಒಟ್ಟು ರಾತ್ರಿ ಎಷ್ಟು, ಹೋಟೆಲ್ ಎಷ್ಟು? ಹತ್ತು ರಾತ್ರಿಗೆ ಐದು ಹೋಟೆಲ್ ಇದ್ದರೆ ನೆಮ್ಮದಿ. ಎಂಟು ಇದ್ದರೆ ಅಕ್ಕನಿಗೆ ಕಷ್ಟ. ರೂಮಿನವರೆಗೆ ಪೆಟ್ಟಿಗೆ ಎಳೆಯುವವರು ನೀವೇ. ಸಾಮಾನು ಹೊರುವವರು ಅಲ್ಲಿನ ಮಾಮೂಲಿ ಹೋಟೆಲುಗಳಲ್ಲಿ ಇರುವುದಿಲ್ಲ.

ಇನ್ನು ಗಂಟೆಯ ವಿಷಯ. ಇದು ಬ್ರೋಷರ್‌ನಲ್ಲಿ ಎಲ್ಲೂ ಕಾಣುವುದಿಲ್ಲ, ಆದರೆ ನಿಮ್ಮ ರಾತ್ರಿಯನ್ನು ನಿರ್ಧರಿಸುವುದು ಇದೇ. ನೀವು ಎಷ್ಟು ಹೊತ್ತಿಗೆ ಮಲಗುತ್ತೀರಿ ಅನ್ನುವುದು ಡ್ರೈವರ್ ಕೈಯಲ್ಲಿದೆ, ಡ್ರೈವರ್ ಎಷ್ಟು ಹೊತ್ತು ಓಡಿಸಬಹುದು ಅನ್ನುವುದು ಕಾನೂನಿನ ಕೈಯಲ್ಲಿದೆ. ಯುರೋಪಿಯನ್ ಒಕ್ಕೂಟದ 561/2006 ಅನ್ನುವ ನಿಯಮದ ಪ್ರಕಾರ ಡ್ರೈವರ್ ದಿನಕ್ಕೆ 9 ಗಂಟೆಗಿಂತ ಹೆಚ್ಚು ಬಸ್ಸು ಓಡಿಸುವಂತಿಲ್ಲ. ವಾರದಲ್ಲಿ ಎರಡು ದಿನ ಮಾತ್ರ 10 ಗಂಟೆವರೆಗೆ ಹೋಗಬಹುದು. ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ವಿರಾಮ ಕೊಡಲೇಬೇಕು. ದಿನದ ಕೆಲಸ ಮುಗಿದ ಮೇಲೆ ಸಾಮಾನ್ಯವಾಗಿ 11 ಗಂಟೆ ಬಿಡುವು ಬೇಕು. ಡ್ರೈವರ್‌ಗೆ ವಾರಕ್ಕೊಮ್ಮೆ ಸಿಗುವ ಒಂದು ರಜೆಗೂ ಮುಂದಿನ ರಜೆಗೂ ನಡುವೆ ಮೂರು ಸಲ ಮಾತ್ರ ಇದನ್ನು 9 ಗಂಟೆಗೆ ಇಳಿಸಬಹುದು. ಇದನ್ನೆಲ್ಲ ಬಸ್ಸಿನಲ್ಲಿರುವ ಟ್ಯಾಕೋಗ್ರಾಫ್ ಅನ್ನುವ ಯಂತ್ರ ಬರೆದಿಟ್ಟುಕೊಳ್ಳುತ್ತದೆ. ಪೊಲೀಸರು ದಾರಿಯಲ್ಲಿ ನಿಲ್ಲಿಸಿ ಅದನ್ನೇ ನೋಡುತ್ತಾರೆ. ದಂಡ ಸಣ್ಣದಲ್ಲ. ‘ಅಣ್ಣಾ, ಇನ್ನೊಂದು ಅರ್ಧ ಗಂಟೆ ಅಡ್ಜಸ್ಟ್ ಮಾಡಿ’ ಅನ್ನುವ ಮಾತು ಅಲ್ಲಿ ನಡೆಯುವುದಿಲ್ಲ.

ಲೆಕ್ಕ ಹಾಕಿ ನೋಡಿ. ಐಫೆಲ್ ಟವರ್ ದೀಪ ನೋಡಲೇಬೇಕು ಅಂತ ಎಲ್ಲರೂ ಹಟ ಹಿಡಿಯುತ್ತಾರೆ. ಮೇ ಕೊನೆಯಲ್ಲಿ ಪ್ಯಾರಿಸ್‌ನಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಒಂಬತ್ತೂವರೆ ದಾಟಿದ ಮೇಲೆ. ದೀಪ ನೋಡಿ ಊರಾಚೆಯ ಹೋಟೆಲ್ ಮುಟ್ಟುವಾಗ ಹನ್ನೊಂದೂವರೆ. ಡ್ರೈವರ್ ಬಸ್ಸು ನಿಲ್ಲಿಸಿ ಕೆಳಗಿಳಿಯುವಾಗ ಹನ್ನೆರಡು. ಕಡಿಮೆ ಬಿಡುವು ತೆಗೆದುಕೊಂಡರೂ ಮರುದಿನ ಬೆಳಗ್ಗೆ 9ರ ಮುಂಚೆ ಅವನು ಸ್ಟೀರಿಂಗ್ ಮುಟ್ಟುವ ಹಾಗಿಲ್ಲ. ಅದೇ ದಿನ ಪ್ಯಾರಿಸ್‌ನಿಂದ ಲ್ಯೂಸರ್ನ್‌ಗೆ ಸುಮಾರು 600 ಕಿಲೋಮೀಟರ್ ಇದ್ದರೆ? ಬಸ್ಸಿಗೆ ಗಂಟೆಗೆ 100 ಕಿಲೋಮೀಟರ್ ಮೀರದಂತೆ ಲಿಮಿಟರ್ ಬೇರೆ ಇರುತ್ತದೆ. ಊಟ, ವಿರಾಮ ಸೇರಿ ತಲುಪುವಾಗ ರಾತ್ರಿಯೇ. ದೂರದ ಪ್ರಯಾಣದ ಹಿಂದಿನ ರಾತ್ರಿ ಯಾವ ಕಾರ್ಯಕ್ರಮ ಇಟ್ಟಿದ್ದಾರೆ ಅಂತ ನೋಡಿದರೆ ಸಾಕು, ಆ ಟೂರನ್ನು ತಿಳಿದವರು ಮಾಡಿದ್ದಾರಾ ಸುಮ್ನೆ ಮ್ಯಾಪ್ ನೋಡಿ ಮಾಡಿದ್ದಾರಾ ಅಂತ ಗೊತ್ತಾಗುತ್ತದೆ.

ಆದ್ದರಿಂದ ಏಜೆಂಟ್‌ಗೆ ಇಮೇಲ್‌ನಲ್ಲೋ ವಾಟ್ಸಾಪ್‌ನಲ್ಲೋ ಬರೆದೇ ಕೇಳಿ: ಕಳೆದ ಸೀಸನ್‌ನಲ್ಲಿ ಇದೇ ಟೂರ್ ಯಾವ ಊರಿನ ಯಾವ ಹೋಟೆಲ್‌ನಲ್ಲಿ ಉಳಿದಿತ್ತು? ಈ ಸಲ ಹೋಟೆಲ್ ಹೆಸರು ಹೊರಡುವ ಎಷ್ಟು ದಿನ ಮುಂಚೆ ಕೊಡುತ್ತೀರಿ? ‘ಸಮನಾದದ್ದು’ ಅಂತ ಬದಲಿಸಿದರೆ ಅದು ಅದೇ ಊರಿನಲ್ಲೇ ಇರುತ್ತದಾ? ಹಳೆಯ ಹೋಟೆಲ್‌ಗಳ ಹೆಸರು ಹೇಳಲು ಹಿಂದೆ ಮುಂದೆ ನೋಡುವ ಕಂಪನಿಯ ಬಗ್ಗೆ ನನಗಂತೂ ಅನುಮಾನ. ಹೆಸರು ಸಿಕ್ಕಿದರೆ ಮಕ್ಕಳ ಕೈಲಿ ಮ್ಯಾಪ್‌ನಲ್ಲಿ ಹಾಕಿಸಿ ನೋಡಿ. ಸುತ್ತ ಒಂದು ಅಂಗಡಿ, ಒಂದು ರೈಲು ನಿಲ್ದಾಣ ಇದೆಯಾ, ಹೆದ್ದಾರಿ ಪಕ್ಕದ ಬಯಲಾ ಅಂತ ಎರಡು ನಿಮಿಷದಲ್ಲಿ ತಿಳಿಯುತ್ತದೆ.

ಮೂವರಿಗೆ ಒಂದು ರೂಮು ಅನ್ನುವುದಕ್ಕೆ ನನ್ನ ಉತ್ತರ: ಬೇಡ.

ಕಾರಣ ಹೇಳುತ್ತೇನೆ. ಅಲ್ಲಿ ಇಬ್ಬರ ರೂಮೇ 150 ಚದರ ಅಡಿ ಆಸುಪಾಸು ಇರುವುದು ಮಾಮೂಲು. ಮೂರನೆಯವರಿಗೆ ಅಂತ ಬೇರೆ ದೊಡ್ಡ ರೂಮು ಕೊಡುವುದು ಅಪರೂಪ. ಅದೇ ರೂಮಿನಲ್ಲಿ ಸೋಫಾ ಬಿಚ್ಚುತ್ತಾರೆ, ಇಲ್ಲಾ ಮಡಚುವ ಮಂಚ ತಂದು ಹಾಕುತ್ತಾರೆ. ಹಾಕಿದ ಮೇಲೆ ಬಾತ್‌ರೂಮಿಗೆ ಹೋಗಲು ಅಡ್ಡಡ್ಡ ನಡೆಯಬೇಕು. ಮೂರು ಪೆಟ್ಟಿಗೆಯನ್ನು ಏಕಕಾಲಕ್ಕೆ ತೆರೆಯಲು ಆಗುವುದಿಲ್ಲ. ಸೋಫಾ ಮಂಚ ನೆಲಕ್ಕೆ ಹತ್ತಿರ ಇರುತ್ತದೆ, ಮಂಡಿ ನೋವಿನವರು ಅದರಿಂದ ಏಳುವುದು ಬಹಳ ಕಷ್ಟ. ಹಾಗಂತ ಅದರಲ್ಲಿ ಮಲಗುವವರು ಯಾರು? ದೊಡ್ಡವರು ಅಂತ ಅಕ್ಕನಿಗೆ ಒಳ್ಳೆ ಹಾಸಿಗೆ ಬಿಟ್ಟುಕೊಟ್ಟು ನೀವೇ ಮಲಗುತ್ತೀರಿ, ಅಲ್ವಾ? ಬೆಳಗ್ಗೆ ಇರುವುದು ಒಂದೇ ಬಾತ್‌ರೂಮು. ನಮ್ಮ ಕೆಲಸದಲ್ಲಿ ‘6-7-8’ ಅಂತೀವಿ. ಆರಕ್ಕೆ ಎಬ್ಬಿಸುವ ಫೋನು, ಏಳಕ್ಕೆ ತಿಂಡಿ, ಎಂಟಕ್ಕೆ ಬಸ್ಸು. ಆ ಒಂದು ಗಂಟೆಯಲ್ಲಿ ಮೂವರ ಸ್ನಾನ, ಅಕ್ಕನ ಪೂಜೆ, ಪೆಟ್ಟಿಗೆ ಕಟ್ಟುವುದು. ದಿನಾ.

ಅದರ ಬದಲು ಹೀಗೆ ಕೇಳಿ ನೋಡಿ. ನೀವು ಅಕ್ಕ ತಂಗಿ ಒಂದು ರೂಮು. ಯಜಮಾನರಿಗೆ, ಒಂಟಿಯಾಗಿ ಬರುತ್ತಿರುವ ಇನ್ನೊಬ್ಬ ಗಂಡಸಿನ ಜೊತೆ ಇನ್ನೊಂದು ರೂಮು. ಬಹಳ ಕಂಪನಿಗಳು ಹೀಗೆ ಜೋಡಿ ಮಾಡಿ ಕೊಡುತ್ತವೆ, ಗಂಡಸರಿಗೆ ಗಂಡಸರು, ಹೆಂಗಸರಿಗೆ ಹೆಂಗಸರು. ಯಜಮಾನರು ಗೊರಕೆ ಹೊಡೆಯುತ್ತಾರಾ ಅಂತ ಮೊದಲೇ ಹೇಳಿಬಿಡಿ, ಎರಡನೇ ರಾತ್ರಿ ಆ ಪಂಚಾಯಿತಿ ಬರುವುದು ಟೂರ್ ಮ್ಯಾನೇಜರ್ ಹತ್ತಿರವೇ. ಜೋಡಿ ಸಿಗದಿದ್ದರೆ ಒಂಟಿ ರೂಮಿನ ಹೆಚ್ಚುವರಿ ದುಡ್ಡು ಯಾರು ಕೊಡಬೇಕು ಅಂತಲೂ ಬರಹದಲ್ಲಿ ತೆಗೆದುಕೊಳ್ಳಿ. ಜಗಳ ಆಗುವುದು ಬಹಳ ಸಲ ಇಲ್ಲೇ. ಇದಾವುದೂ ಒಗ್ಗದಿದ್ದರೆ, ಅಕ್ಕನಿಗೆ ಒಂಟಿ ರೂಮಿನ ದುಡ್ಡು ಕೊಟ್ಟುಬಿಡಿ. ಶಾಪಿಂಗ್‌ನಲ್ಲಿ ಉಳಿಸಿ, ನಿದ್ದೆಯಲ್ಲಿ ಉಳಿಸಬೇಡಿ. ಯಾರಿಗೆ ಯಾವ ರೂಮು ಅಂತ ಬರೆಯುವ ರೂಮಿಂಗ್ ಲಿಸ್ಟ್‌ನಲ್ಲಿ ‘ಟ್ವಿನ್’ ಅಂತ ಬರೆಸಿ, ಅಂದರೆ ಎರಡು ಬೇರೆ ಮಂಚ. ಸ್ವಿಟ್ಜರ್ಲೆಂಡ್, ಆಸ್ಟ್ರಿಯಾದಲ್ಲಿ ಎರಡು ಹಾಸಿಗೆ ಒತ್ತಿಟ್ಟು ಎರಡು ಬೇರೆ ಬೇರೆ ರಜಾಯಿ ಕೊಡುತ್ತಾರೆ, ಎಳೆದಾಟ ಇರುವುದಿಲ್ಲ. ಅಕ್ಕನಿಗೆ ಲಿಫ್ಟ್ ಹತ್ತಿರದ ರೂಮು, ನಿಂತು ಸ್ನಾನ ಮಾಡುವ ಶವರ್ ಕೇಳಿ. ಅಲ್ಲಿನ ಬಾತ್‌ಟಬ್‌ಗೆ ಹತ್ತಿ ಇಳಿಯುವುದು ಮಂಡಿಗೆ ಆಗದು.

ಬಾತ್‌ರೂಮಿನ ಮಾತು ಬಂತಲ್ಲ, ಸ್ವಲ್ಪ ಬಿಡಿಸಿಯೇ ಹೇಳಬೇಕು. ನಮ್ಮವರಿಗೂ ಹೋಟೆಲಿನವರಿಗೂ ತಕರಾರು ಹತ್ತುವುದು ಬಹುತೇಕ ಅಲ್ಲಿಯೇ. ಬಕೆಟ್ ಇಲ್ಲ, ಚೊಂಬು ಇಲ್ಲ, ಕೈಗೆ ಸಿಗುವ ಜೆಟ್ ಪೈಪ್ ಇಲ್ಲ. ಇಟಲಿಯಲ್ಲಿ ಕಮೋಡ್ ಪಕ್ಕ ಇನ್ನೊಂದು ಕುಳ್ಳ ತೊಟ್ಟಿ ಇರುತ್ತದೆ, ಅದರ ಹೆಸರು ‘ಬಿಡೆ’, ತೊಳೆದುಕೊಳ್ಳಲಿಕ್ಕೇ ಇರುವುದು. ಉಳಿದ ದೇಶಗಳಿಗೆ ಒಂದು ಸಣ್ಣ ಪ್ಲಾಸ್ಟಿಕ್ ಮಗ್ ಪೆಟ್ಟಿಗೆಗೆ ಹಾಕಿಕೊಳ್ಳಿ. ಮುಖ್ಯ ವಿಷಯ, ಶವರ್ ಜಾಗ ಬಿಟ್ಟರೆ ಬಾತ್‌ರೂಮಿನ ನೆಲದಲ್ಲಿ ನೀರು ಹೋಗುವ ತೂತೇ ಇರುವುದಿಲ್ಲ. ನಾವು ಮನೆಯಲ್ಲಿ ಮಾಡುವ ಹಾಗೆ ಹೊರಗೆ ನಿಂತು ಕಾಲು ತೊಳೆದರೆ ಆ ನೀರು ಬಾಗಿಲ ಸಂದಿಯಿಂದ ರೂಮಿನ ಕಾರ್ಪೆಟ್‌ಗೆ, ಅಲ್ಲಿಂದ ಕೆಳಗಿನ ರೂಮಿನ ಛಾವಣಿಗೆ. ಅದರ ಬಿಲ್ ನಿಮ್ಮ ರೂಮ್ ನಂಬರಿಗೆ ಬರುತ್ತದೆ. ಟಬ್ ಇದ್ದರೆ ಪರದೆಯ ತುದಿ ಟಬ್ಬಿನ ಒಳಗೆ ಇರಬೇಕು. ಹೊರಗೆ ಬಿಟ್ಟರೆ ಪರದೆ ಇದ್ದೂ ಪ್ರಯೋಜನ ಇಲ್ಲ.

ಇಟಲಿಯಲ್ಲಿ ಇನ್ನೊಂದು ಗಮ್ಮತ್ತು. ಶವರ್ ಪಕ್ಕದ ಗೋಡೆಯಲ್ಲಿ ಮೇಲಿನಿಂದ ಒಂದು ದಾರ ಇಳಿಬಿಟ್ಟಿರುತ್ತದೆ, ತುದಿಗೆ ಒಂದು ಗುಂಡು. ಕೆಲವರು ಅದನ್ನು ಫ್ಯಾನ್ ಸ್ವಿಚ್ ಅಂದುಕೊಳ್ಳುತ್ತಾರೆ, ಕೆಲವರು ಒದ್ದೆ ಬನಿಯನ್ ಒಣಹಾಕುತ್ತಾರೆ. ಅದು ಬಿದ್ದವರು ಎಳೆದು ಸಹಾಯಕ್ಕೆ ಕರೆಯುವ ಗಂಟೆ. ಎಳೆದರೆ ರಿಸೆಪ್ಷನ್‌ನಲ್ಲಿ ಸದ್ದಾಗುತ್ತದೆ, ಎರಡು ನಿಮಿಷದಲ್ಲಿ ಹೋಟೆಲಿನವರು ಗಾಬರಿಯಿಂದ ಬಾಗಿಲು ಬಡಿಯುತ್ತಾರೆ. ಸೀರೆ ಉಡುತ್ತಿರುವಾಗ ಹಾಗಾದರೆ ಹೇಗಿರುತ್ತದೆ ಯೋಚಿಸಿ. ಆದರೆ ಅಕ್ಕನಿಗೆ ಆ ದಾರ ಏನು ಅಂತ ತಪ್ಪದೆ ತೋರಿಸಿಕೊಡಿ. ಅದು ಇರುವುದೇ ಅವರಂಥವರಿಗೆ.

ಬಾಗಿಲು ತನ್ನಷ್ಟಕ್ಕೆ ಲಾಕ್ ಆಗುತ್ತದೆ. ಪಕ್ಕದ ರೂಮಿಗೆ ಉಪ್ಪಿನಕಾಯಿ ಕೊಟ್ಟು ಬರೋಣ ಅಂತ ನೈಟಿಯಲ್ಲಿ ಹೊರಗೆ ಬಂದವರು ಹಾಗೇ ಲಿಫ್ಟ್ ಹಿಡಿದು ರಿಸೆಪ್ಷನ್‌ಗೆ ಇಳಿಯಬೇಕಾಗುತ್ತದೆ. ಇದು ಪ್ರತಿ ಗುಂಪಿನಲ್ಲೂ ಒಬ್ಬರಿಗಾದರೂ ಆಗುತ್ತದೆ. ಎರಡು ಕಾರ್ಡ್ ಕೇಳಿ ಪಡೆಯಿರಿ. ಬಾಗಿಲ ಪಕ್ಕದ ಗೂಡಿನಲ್ಲಿ ಕಾರ್ಡ್ ಇಟ್ಟರೇ ಕರೆಂಟ್. ತೆಗೆದರೆ ಚಾರ್ಜಿಗೆ ಹಾಕಿದ ಫೋನೂ ನಿಲ್ಲಬಹುದು. ಕರೆಂಟ್ ನಮ್ಮಂತೆಯೇ 230 ವೋಲ್ಟ್, ದೊಡ್ಡ ಕನ್ವರ್ಟರ್ ಏನೂ ಬೇಡ. ಫೋನ್ ಚಾರ್ಜರಿನ ಸಣ್ಣ ಎರಡು ಪಿನ್ ಪ್ಲಗ್ ಎಲ್ಲಾ ಕಡೆ ಕೂರುತ್ತದೆ. ನಮ್ಮ ದಪ್ಪ ಮೂರು ಪಿನ್ನಿನದು ಕೂರುವುದಿಲ್ಲ. ಸ್ವಿಟ್ಜರ್ಲೆಂಡಿನ ಸಾಕೆಟ್ ಆಕಾರವೇ ಬೇರೆ, ಇಟಲಿಯಲ್ಲೂ ಬೇರೆ ಥರದ್ದಿದೆ. ಅಡಾಪ್ಟರ್ ಕೊಳ್ಳುವಾಗ ಸ್ವಿಸ್‌ಗೂ ಆಗುತ್ತಾ ಅಂತ ಕೇಳಿ. ಏಸಿ ಬಗ್ಗೆ ನಿರೀಕ್ಷೆ ಇಟ್ಟುಕೊಳ್ಳಬೇಡಿ, ಬೆಟ್ಟದ ಕಡೆಯ ಸ್ವಿಸ್ ಹೋಟೆಲುಗಳಲ್ಲಿ ಅದು ಇರುವುದೇ ಕಡಿಮೆ. ಮೇ ತಿಂಗಳಲ್ಲಿ ಕಿಟಕಿ ತೆರೆದರೆ ಸಾಕು. ನಲ್ಲಿಯ ತಣ್ಣೀರು ಈ ಎಲ್ಲಾ ಊರುಗಳಲ್ಲೂ ಕುಡಿಯಬಹುದು, ಬಾಟಲಿಗೆ ದುಡ್ಡು ಹಾಕಬೇಡಿ. ಬಿಸಿ ನಲ್ಲಿಯದು ಮಾತ್ರ ಬೇಡ.

ಪಾಸ್‌ಪೋರ್ಟ್ ಕೊಡಿ ಅಂತ ಚೆಕ್-ಇನ್ ಹೊತ್ತಿನಲ್ಲಿ ಕೇಳಿದರೆ ಹೆದರಬೇಡಿ. ಷೆಂಗೆನ್ ದೇಶಗಳಲ್ಲಿ, ಅಂದರೆ ಒಂದೇ ವೀಸಾದಲ್ಲಿ ಸುತ್ತಬಹುದಾದ ಈ ದೇಶಗಳಲ್ಲಿ, ಹೊರದೇಶದವರ ವಿವರ ಬರೆದಿಟ್ಟುಕೊಳ್ಳುವುದು ಹೋಟೆಲಿನ ಕರ್ತವ್ಯ. ಇಟಲಿಯಲ್ಲಂತೂ ಅತಿಥಿಗಳ ವಿವರ 24 ಗಂಟೆಯೊಳಗೆ ಪೊಲೀಸರಿಗೆ ಹೋಗಬೇಕು. ಎಲ್ಲರದ್ದನ್ನೂ ಒಟ್ಟಿಗೆ ಕೊಟ್ಟು ವಾಪಸ್ ಪಡೆಯುವ ಕೆಲಸ ಟೂರ್ ಮ್ಯಾನೇಜರ್‌ದು. ಕೈಗೆ ಬಂದ ತಕ್ಷಣ ನಿಮ್ಮದೇನಾ ಅಂತ ತೆರೆದು ನೋಡಿಕೊಳ್ಳಿ. ಒಂದೇ ಬಣ್ಣದ ಅಷ್ಟೊಂದು ಪುಸ್ತಕಗಳಲ್ಲಿ ಅದಲು ಬದಲು ಆಗುವುದು ಸುಲಭ. ಹಾಗೇ ಊರಿನ ತೆರಿಗೆ ಅಂತ ಒಂದಿದೆ, ರಾತ್ರಿಗೆ ಇಷ್ಟು ಅಂತ ಹೋಟೆಲ್‌ನಲ್ಲಿ ಕಟ್ಟುವುದು. ರೋಮ್‌ನಲ್ಲಿ 4 ಸ್ಟಾರ್ ಹೋಟೆಲಾದರೆ ತಲೆಗೆ ರಾತ್ರಿಗೆ ಏಳೂವರೆ ಯೂರೊ. ಆಮ್‌ಸ್ಟರ್‌ಡ್ಯಾಂನಲ್ಲಿ 2024ರಿಂದ ರೂಮಿನ ದರದ ಮೇಲೆ 12.5 ಶೇಕಡ. ಇದು ಟೂರಿನ ದುಡ್ಡಿನಲ್ಲೇ ಸೇರಿದೆಯಾ ಅಂತ ಈಗಲೇ ಕೇಳಿ. ಮೂವರಿಗೆ, ಎಲ್ಲಾ ರಾತ್ರಿಗೆ ಸೇರಿದರೆ ಸಣ್ಣ ಮೊತ್ತ ಆಗುವುದಿಲ್ಲ. ಫ್ರಿಜ್‌ನಲ್ಲಿ ಇಟ್ಟಿರುವ ಬಾಟಲಿಗಳನ್ನು ಮುಟ್ಟಲು ಹೋಗಬೇಡಿ. ಕೆಲವು ಕಡೆ ಎತ್ತಿದರೇ ಬಿಲ್ ಆಗುತ್ತದೆ.

ಕಳ್ಳತನದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ರಸ್ತೆಯಲ್ಲಿ ಎಲ್ಲರೂ ಹುಷಾರಾಗಿರುತ್ತಾರೆ. ಮೈಮರೆಯುವುದು ಹೋಟೆಲ್ ಒಳಗೆ. ತಿಂಡಿಯ ಹೊತ್ತಿನಲ್ಲಿ ಕುರ್ಚಿ ಮೇಲೆ ಹ್ಯಾಂಡ್‌ಬ್ಯಾಗ್ ಇಟ್ಟು ಬ್ರೆಡ್ ತರಲು ಹೋಗುತ್ತೀರಿ. ನೀಟಾಗಿ ಕೋಟು ಹಾಕಿದ ಒಬ್ಬ ಆ ಬ್ಯಾಗ್ ಎತ್ತಿಕೊಂಡು ತನ್ನದೇ ಅನ್ನುವ ಹಾಗೆ ಹೊರಟುಬಿಡುತ್ತಾನೆ. ಲಾಬಿಯಲ್ಲಿ ಎಲ್ಲರ ಪೆಟ್ಟಿಗೆ ಸಾಲಾಗಿ ನಿಂತಿರುವ ಹೊತ್ತೂ ಅಂಥದ್ದೇ. ಮೂವರೂ ಒಟ್ಟಿಗೆ ಏಳಬೇಡಿ, ಒಬ್ಬರು ಕೂತೇ ಇರಿ. ಹೋಟೆಲ್ ವಿಳಾಸದ ಕಾರ್ಡ್ ಪರ್ಸಿನಲ್ಲಿರಲಿ. ತುರ್ತು ಸಂದರ್ಭಕ್ಕೆ 112, ನಿಮ್ಮ ಪಟ್ಟಿಯ ಎಲ್ಲಾ ದೇಶದಲ್ಲೂ ಅದೇ ನಂಬರ್.

ಯಜಮಾನರ ಶುಗರ್ ವಿಷಯಕ್ಕೆ ಬರೋಣ. ಗುಂಪಿಗೆ ರಾತ್ರಿ ಊಟ ದಾರಿಯ ಯಾವುದಾದರೂ ಇಂಡಿಯನ್ ರೆಸ್ಟೋರೆಂಟ್‌ನಲ್ಲಿ, ಆರೂವರೆ ಏಳಕ್ಕೇ ಆಗಿಬಿಡುತ್ತದೆ. ಮುಂದಿನ ತಿಂಡಿ ಬೆಳಗ್ಗೆ ಏಳಕ್ಕೆ. ನಡುವೆ ಹನ್ನೆರಡು ಗಂಟೆ, ಹೋಟೆಲ್ ಅಡುಗೆಮನೆ ಮುಚ್ಚಿರುತ್ತದೆ, ಊರಾಚೆ ಆದರೆ ಅಂಗಡಿಯೂ ಇರುವುದಿಲ್ಲ. ಮಲಗುವ ಮುಂಚೆ ತಿನ್ನಲು ಏನಾದರೂ ಪ್ರತಿ ರಾತ್ರಿ ರೂಮಿನಲ್ಲಿ ಇರಲೇಬೇಕು. ಹುರಿದ ಅವಲಕ್ಕಿ, ಕಡಲೆ, ಚಕ್ಕುಲಿ ತೆಗೆದುಕೊಂಡು ಹೋಗಿ. ಆದರೆ ಪೇಡ, ಖೋವಾ, ತುಪ್ಪ ಬೇಡ. ಹಾಲಿನ ಪದಾರ್ಥ ಮತ್ತು ಮಾಂಸವನ್ನು ಪ್ರಯಾಣಿಕರು ಹೊರಗಿನಿಂದ ಯುರೋಪಿಯನ್ ಒಕ್ಕೂಟದೊಳಗೆ ತರುವಂತಿಲ್ಲ. ಧಾರವಾಡ ಪೇಡ ಕಸ್ಟಮ್ಸ್‌ನವರ ಕಸದ ಡಬ್ಬಿಗೆ ಹೋಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಮಾತ್ರೆ, ಇನ್ಸುಲಿನ್ ಎಲ್ಲಾ ಕೈಚೀಲದಲ್ಲೇ ಇರಲಿ, ದೊಡ್ಡ ಪೆಟ್ಟಿಗೆ ಇಡೀ ದಿನ ಬಸ್ಸಿನ ಹೊಟ್ಟೆಯೊಳಗೆ ಇರುತ್ತದೆ. ಔಷಧದ ಮೂಲ (ಜೆನೆರಿಕ್) ಹೆಸರು ಇರುವ ಡಾಕ್ಟರ ಚೀಟಿ ಜೊತೆಗಿರಲಿ. ಸಮಯ ಮೂರೂವರೆ ಗಂಟೆ ಹಿಂದಾಗುತ್ತದೆ. ಮಾತ್ರೆಯ ಹೊತ್ತು ಹೇಗೆ ಹೊಂದಿಸಬೇಕು ಅಂತ ನಿಮ್ಮ ಡಾಕ್ಟರನ್ನೇ ಕೇಳಿ ಬರೆಸಿಕೊಳ್ಳಿ. ವೀಸಾಕ್ಕೆ ಕನಿಷ್ಠ 30,000 ಯೂರೊ ವಿಮೆ ಕಡ್ಡಾಯ, ಅದು ಹೇಗೂ ಇರುತ್ತದೆ. ಆದರೆ ಮೊದಲೇ ಇರುವ ಕಾಯಿಲೆಗೆ ಅದು ಅನ್ವಯಿಸುತ್ತದಾ ಅಂತ ಪಾಲಿಸಿಯಲ್ಲಿ ಹುಡುಕಿ ಓದಿ.

ಅದೇ ಮೂರೂವರೆ ಗಂಟೆಯಿಂದ ಇನ್ನೊಂದು ತಾಪತ್ರಯ. ಶಿವಮೊಗ್ಗದಲ್ಲಿ ಆರೂವರೆಗೆ ಏಳುವವರಿಗೆ ಅಲ್ಲಿ ಬೆಳಗಿನ ಜಾವ ಮೂರಕ್ಕೇ ಎಚ್ಚರ. ಮೊದಲ ಎರಡು ಮೂರು ದಿನ ಎಲ್ಲರಿಗೂ ಹೀಗೆ. ಎದ್ದವರು ಸುಮ್ಮನಿರುವುದಿಲ್ಲ. ಬಾಗಿಲು ತೆರೆದು ಕಾರಿಡಾರಿನಲ್ಲಿ ‘ಎದ್ರಾ? ನಿದ್ದೆ ಬಂತಾ?’ ಅಂತ ಶುರು ಮಾಡುತ್ತಾರೆ. ಗೋಡೆ ತೆಳು. ನಾಲ್ಕು ಗಂಟೆಗೆ ನನಗೆ ರಿಸೆಪ್ಷನ್‌ನಿಂದ ಫೋನ್ ಬರುತ್ತದೆ. ಎಚ್ಚರ ಆದರೆ ರೂಮಿನಲ್ಲೇ ಇದ್ದು ಸ್ನಾನ ಮುಗಿಸಿಕೊಳ್ಳಿ. ಆ ಹೊತ್ತಿಗೆ ಬಿಸಿನೀರೂ ಚೆನ್ನಾಗಿ ಬರುತ್ತದೆ.

ತಿಂಡಿಗೆ ಬ್ರೆಡ್, ಬೆಣ್ಣೆ, ಜಾಮ್, ಚೀಸ್, ಮೊಸರು, ಹಣ್ಣು, ಕಾರ್ನ್‌ಫ್ಲೇಕ್ಸ್ ಇರುತ್ತವೆ. ತಟ್ಟೆಯಲ್ಲಿ ತೆಳ್ಳಗೆ ಹಾಸಿರುವ ಗುಲಾಬಿ ಬಣ್ಣದ್ದು ಮಾಂಸ, ಶುದ್ಧ ಸಸ್ಯಾಹಾರಿಗಳಾದರೆ ಅದರ ಇಕ್ಕಳವನ್ನು ಚೀಸ್‌ಗೆ ಬಳಸಬೇಡಿ. ಅಲ್ಲಿಂದ ಬುತ್ತಿ ಕಟ್ಟುವ ಹಾಗಿಲ್ಲ. ಒಂದು ಬಾಳೆಹಣ್ಣಿಗೆ ಯಾರೂ ಏನೂ ಅನ್ನುವುದಿಲ್ಲ, ಚೀಲ ತೆರೆದರೆ ಅನ್ನುತ್ತಾರೆ. ರೂಮಿನಲ್ಲಿ ಕೆಟಲ್ ಇರುತ್ತದೆ ಅಂತ ನಂಬಬೇಡಿ. ಯುರೋಪಿನಲ್ಲಿ ಬಹಳ ಕಡೆ ಇರುವುದಿಲ್ಲ, ಅಕ್ಕನ ಕಾಫಿಗೆ ಒಂದು ಸಣ್ಣದು ತೆಗೆದುಕೊಂಡು ಹೋಗಬಹುದಾ ಅಂತ ಕಂಪನಿಯನ್ನು ಕೇಳಿ. ಇದ್ದ ಕೆಟಲ್‌ನಲ್ಲಿ ಹಾಲು, ನೂಡಲ್ಸ್ ಕುದಿಸಬೇಡಿ. ಕುಕ್ಕರ್, ಒಲೆ ಅಂತೂ ಬೇಡವೇ ಬೇಡ. ದಿಂಬಿಗೆ ಎಣ್ಣೆ, ಬಿಳಿ ಟವೆಲ್‌ಗೆ ಕುಂಕುಮ, ತಲೆಯ ಡೈ ಹತ್ತಿದರೆ ಅದಕ್ಕೂ ದುಡ್ಡು ಕೇಳುತ್ತಾರೆ. ಒರೆಸಲು ಮನೆಯಿಂದ ಒಂದು ಹಳೇ ಟವೆಲ್ ಒಯ್ಯಿರಿ.

ಕೊನೆಯದಾಗಿ ಅಕ್ಕನ ದೀಪ. ರೂಮಿನ ಛಾವಣಿಯಲ್ಲಿ ಹೊಗೆ ಕಂಡುಹಿಡಿಯುವ ಯಂತ್ರ ಇರುತ್ತದೆ. ಊದುಬತ್ತಿ, ಕರ್ಪೂರದ ಹೊಗೆಗೆ ಅದು ಹೊಡೆದುಕೊಳ್ಳುತ್ತದೆ. ಆಗ ಇಡೀ ಹೋಟೆಲ್ ರಸ್ತೆಗೆ ಇಳಿಯುತ್ತದೆ, ಅಗ್ನಿಶಾಮಕದವರು ಬರುತ್ತಾರೆ, ಆ ಖರ್ಚು ಹಚ್ಚಿದವರ ತಲೆ ಮೇಲೆ. ಎಣ್ಣೆ ದೀಪಕ್ಕೆ ಹೊಗೆ ಕಡಿಮೆ ಅಂತ ಕೆಲವರು ವಾದ ಮಾಡುತ್ತಾರೆ. ಬೇಡ, ರೂಮಿನಲ್ಲಿ ಬೆಂಕಿ ಅನ್ನುವುದೇ ನಿಷೇಧ. ಅಕ್ಕನ ಹತ್ತಿರ ಈಗಲೇ ಮಾತಾಡಿ ಒಪ್ಪಿಸಿ, ಅಲ್ಲಿ ಹೋದ ಮೇಲೆ ಬೆಳಗ್ಗೆ ಆರು ಗಂಟೆಗೆ ಆ ಮಾತುಕತೆ ಆಗದು. ಬ್ಯಾಟರಿ ಹಾಕುವ ಪುಟ್ಟ ದೀಪ ನಿಮ್ಮ ಗಾಂಧಿ ಬಜಾರಿನಲ್ಲೇ ಸಿಗುತ್ತದೆ. ಎರಡು ತೆಗೆದುಕೊಳ್ಳಿ, ಒಂದು ಕೆಟ್ಟರೆ ಇನ್ನೊಂದು ಇರಲಿ.